ಕಲ್ಲಿನಲ್ಲಿ ಉಳಿದ ಜಮಾ

1986ರಲ್ಲಿ ಸನ್ನತಿಯ ಕಾಳಿ ಗುಡಿಯ ಮಾಳಿಗೆ ಕುಸಿದು ಬಿತ್ತು. ಸನ್ನತಿ ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ಊರು, ಭೀಮಾ ನದಿಯ ದಂಡೆಯ ಮೇಲಿದೆ. ಅಲ್ಲಿಯ ಚಂದ್ರಲಾ ಪರಮೇಶ್ವರಿ ಉತ್ತರ ಕರ್ನಾಟಕದ, ಮಹಾರಾಷ್ಟ್ರದ, ತೆಲಂಗಾಣದ ಎಷ್ಟೋ ಮನೆತನಗಳಿಗೆ ಕುಲದೇವತೆ. ನಮ್ಮ ಮನೆಯವರೂ ಆ ತಾಯಿಗೆ ನಡೆದುಕೊಳ್ಳುವವರೇ. ಕಾಳಿಯ ಗುಡಿ ಇದ್ದದ್ದು ಅದೇ ಆವರಣದಲ್ಲಿ. ಮಾಳಿಗೆ ಬಿದ್ದ ಹೊಡೆತಕ್ಕೆ ವಿಗ್ರಹ ಒಡೆಯಿತು. ಮಣ್ಣುಕಲ್ಲು ತೆಗೆದು ನೋಡಿದರೆ, ವಿಗ್ರಹ ನಿಂತಿದ್ದ ಪೀಠದ ಚಪ್ಪಡಿಯ ತುಂಬ ಬ್ರಾಹ್ಮಿ ಅಕ್ಷರಗಳು. ಓದಿದವರು ಹೇಳಿದರು: ಇದು ಅಶೋಕನ ಶಾಸನ.

ಸುದ್ದಿಯಾಗಿ ಇದು ಬಹಳ ಜನರಿಗೆ ಗೊತ್ತು. ಆ ಕಲ್ಲಿನಲ್ಲಿ ಏನು ಬರೆದಿತ್ತು, ಅಲ್ಲಿಂದ ಮೂರು ಕಿಲೋಮೀಟರ್ ದೂರದ ಕನಗನಹಳ್ಳಿಯಲ್ಲಿ ಮುಂದೆ ಏನು ಸಿಕ್ಕಿತು ಎಂಬುದು ಅಷ್ಟು ಗೊತ್ತಿಲ್ಲ. ನಾನು ಇತಿಹಾಸದ ವಿದ್ಯಾರ್ಥಿಯಲ್ಲ. ಬಿ.ಕಾಂ. ಓದಿ, ಸಿ.ಎ. ಮುಗಿಸಿ, ಸೌದಿ ಅರೇಬಿಯಾದ ಪೂರ್ವ ಕರಾವಳಿಯ ಖತೀಫ್‌ನಲ್ಲಿ ಲೆಕ್ಕಪತ್ರ ನೋಡಿಕೊಂಡಿರುವವನು. ಆದರೆ ಕನಗನಹಳ್ಳಿಯ ಕಲ್ಲುಗಳ ಬಗ್ಗೆ ಓದುತ್ತಾ ಹೋದಂತೆ ನನ್ನ ಕಸುಬಿನ ಕಣ್ಣಿಗೆ ಅದು ಒಂದು ಖತಾವಣಿಯ ಹಾಗೆ ಕಾಣತೊಡಗಿತು. ಯಾರು ಕೊಟ್ಟರು, ಏನು ಕೊಟ್ಟರು ಎಂದು ಕಲ್ಲಿನಲ್ಲೇ ಜಮಾ ಬರೆದಿಟ್ಟ ಊರು ಅದು.

ಮೊದಲು ಕಾಳಿಯ ಪೀಠದ ಕಲ್ಲನ್ನೇ ನೋಡೋಣ.

ಕರ್ನಾಟಕಕ್ಕೆ ಅಶೋಕನ ಶಾಸನ ಹೊಸದಲ್ಲ. 1892ರಲ್ಲಿ ಬಿ.ಎಲ್. ರೈಸ್ ಚಿತ್ರದುರ್ಗದ ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಶಾಸನಗಳನ್ನು ಬೆಳಕಿಗೆ ತಂದರು. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕ ಶಾಸನದಲ್ಲಿ 'ದೇವಾನಾಂಪಿಯ' ಎಂಬ ಬಿರುದಿನ ಜೊತೆ 'ಅಸೋಕ' ಎಂಬ ಹೆಸರೂ ಇತ್ತು. ಅಲ್ಲಿಯವರೆಗೆ ಶಾಸನಗಳ ಈ ದೇವಾನಾಂಪ್ರಿಯ ಅಶೋಕನೇ ಎಂಬುದನ್ನು ಸಿಂಹಳದ ಗ್ರಂಥಗಳ ಆಧಾರದ ಮೇಲೆ ಹೇಳಬೇಕಾಗಿತ್ತು. ಮಸ್ಕಿಯ ಬಂಡೆ ಅದಕ್ಕೆ ನೇರ ಸಾಕ್ಷಿ ಕೊಟ್ಟಿತು. ಕೊಪ್ಪಳದ ಗವಿಮಠ, ಪಾಲ್ಕಿಗುಂಡು, ಬಳ್ಳಾರಿ ಸೀಮೆಯ ನಿಟ್ಟೂರು, ಉದೇಗೋಳ ಇವೂ ಈ ಪಟ್ಟಿಗೆ ಸೇರಿದವು. ಆದರೆ ಇವೆಲ್ಲ ಕಿರು ಬಂಡೆ ಶಾಸನಗಳು. ಸನ್ನತಿಯದು ಬೇರೆ. ಅದು ಬೆಟ್ಟದ ಬಂಡೆಯಲ್ಲ, ಕಡೆದು ನಿಲ್ಲಿಸಿದ ಚಪ್ಪಡಿ. ಎರಡೂ ಮುಖಗಳಲ್ಲಿ ಬರಹ. ಅದರಲ್ಲಿ ಇರುವುದು ಹದಿನಾಲ್ಕು ಮುಖ್ಯ ಶಾಸನಗಳ ಪೈಕಿ 12 ಮತ್ತು 14ನೆಯವು, ಜೊತೆಗೆ ಎರಡು 'ಪ್ರತ್ಯೇಕ ಶಾಸನ'ಗಳು.

ಈ ಪ್ರತ್ಯೇಕ ಶಾಸನಗಳು ಅಲ್ಲಿಯವರೆಗೆ ಒಡಿಶಾದ ಧೌಲಿ ಮತ್ತು ಜೌಗಡಗಳಲ್ಲಿ ಮಾತ್ರ ಸಿಕ್ಕಿದ್ದವು. ಯುದ್ಧದಲ್ಲಿ ಗೆದ್ದ ಕಳಿಂಗದ ಅಧಿಕಾರಿಗಳಿಗೆಂದೇ ಬರೆಸಿದ ಆಜ್ಞೆಗಳು ಅವು ಎಂದು ವಿದ್ವಾಂಸರು ತಿಳಿದಿದ್ದರು. ಅಷ್ಟು ದೂರದ ಭೀಮಾ ತೀರದಲ್ಲೂ ಅವೇ ಆಜ್ಞೆಗಳು ಸಿಕ್ಕಿದಾಗ ಆ ತಿಳಿವಳಿಕೆಯನ್ನೇ ಮತ್ತೆ ಪರಿಶೀಲಿಸಬೇಕಾಯಿತು. ಒಡಿಶಾದ ಪಾಠದಲ್ಲಿ ರಾಜ ತನ್ನ ಅಧಿಕಾರಿಗಳಿಗೆ ಹೇಳುವುದು ಇಷ್ಟು: ಎಲ್ಲ ಜನರೂ ನನ್ನ ಮಕ್ಕಳು, ಕಾರಣವಿಲ್ಲದೆ ಯಾರನ್ನೂ ಬಂಧಿಸಬೇಡಿ, ಹಿಂಸಿಸಬೇಡಿ, ಅಸೂಯೆ, ಸಿಟ್ಟು, ಅವಸರ, ಸೋಮಾರಿತನ ನಿಮ್ಮನ್ನು ದಾರಿ ತಪ್ಪಿಸದಿರಲಿ. ಇದೆಲ್ಲ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಲು ಐದು ವರ್ಷಕ್ಕೊಮ್ಮೆ ಒಬ್ಬ ಸೌಮ್ಯ ಸ್ವಭಾವದ ಅಧಿಕಾರಿಯನ್ನು ತಪಾಸಣೆಗೆ ಕಳಿಸುತ್ತೇನೆ. ಉಜ್ಜಯಿನಿ, ತಕ್ಷಶಿಲೆಗಳಿಂದ ಮೂರು ವರ್ಷ ಮೀರದಂತೆ ಕಳಿಸುತ್ತಾರೆ. ತಪಾಸಣೆಗೆ ಬರುವವನ ಸ್ವಭಾವ ಹೇಗಿರಬೇಕು ಎಂದು ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆಯೇ ಒಬ್ಬ ದೊರೆ ಯೋಚಿಸಿದ್ದ ಎಂಬುದು ನನ್ನಂಥ ಲೆಕ್ಕ ತಪಾಸಣೆಯ ಮನುಷ್ಯನಿಗೆ ಸುಮ್ಮನೆ ಓದಿ ಮುಂದೆ ಹೋಗುವ ಮಾತಲ್ಲ.

12ನೆಯ ಶಾಸನದ ವಿಷಯ ಇದಕ್ಕಿಂತ ದೊಡ್ಡದು. ಎಲ್ಲ ಪಂಥಗಳನ್ನೂ ಗೌರವಿಸುವ ದೊರೆ ಅಲ್ಲಿ ಹೇಳುವ ತಾತ್ಪರ್ಯ ಹೀಗಿದೆ: ದಾನ ಕೊಡುವುದು, ಮರ್ಯಾದೆ ಮಾಡುವುದು ದೊಡ್ಡದಲ್ಲ, ಪ್ರತಿಯೊಂದು ಪಂಥದಲ್ಲೂ ಅದರ ಸತ್ವ ಬೆಳೆಯುವುದು ದೊಡ್ಡದು. ಅದಕ್ಕೆ ಮೂಲ ಮಾತಿನ ಹಿಡಿತ. ತನ್ನ ಪಂಥವನ್ನು ಮೇಲೆತ್ತಲು ಇನ್ನೊಬ್ಬರದನ್ನು ಹಳಿಯುವವನು ತನ್ನ ಪಂಥಕ್ಕೇ ಹಾನಿ ಮಾಡಿಕೊಳ್ಳುತ್ತಾನೆ. ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಬೇಕು, ಕೂಡಿ ಬಾಳಬೇಕು.

ಈ ಮಾತು ಕೆತ್ತಿದ ಕಲ್ಲೇ ಮುಂದೆ ಕಾಳಿಯ ಪೀಠವಾಯಿತು. ವಿಗ್ರಹ ಗಟ್ಟಿಯಾಗಿ ಕೂರಲೆಂದು ಯಾರೋ ಅದರ ನಡುವೆ ಚೌಕಾಕಾರದ ರಂಧ್ರ ಕೊರೆದರು. ಒಂದಷ್ಟು ಅಕ್ಷರ ಅದರಲ್ಲಿ ಹೋದವು. ಕೊರೆದವನಿಗೆ ಆ ಲಿಪಿ ಓದಲು ಬರುತ್ತಿರಲಿಲ್ಲ. ಬ್ರಾಹ್ಮಿಯನ್ನು ಓದುವ ವಿದ್ಯೆಯೇ ನಮ್ಮಲ್ಲಿ ಮರೆತುಹೋಗಿತ್ತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಅದನ್ನು ಬಿಡಿಸುವ ತನಕ ಯಾರಿಗೂ ಬರುತ್ತಿರಲಿಲ್ಲ. ಅವನಿಗೆ ಅದು ಸಮತಟ್ಟಾದ ಒಳ್ಳೆಯ ಚಪ್ಪಡಿ, ಅಷ್ಟೆ. ಕೆಲವರು ಇದನ್ನು ಒಂದು ಧರ್ಮ ಇನ್ನೊಂದನ್ನು ತುಳಿದ ಗುರುತು ಎನ್ನುತ್ತಾರೆ. ಬಯಲಿನಲ್ಲಿ ಬಿದ್ದಿದ್ದರೆ ಒಡೆದು ಗೋಡೆಗೋ ಕಟ್ಟೆಗೋ ಸೇರಬಹುದಾಗಿದ್ದ ಕಲ್ಲನ್ನು ದೇವಿ ಕಾಲಡಿಯಲ್ಲಿ ಇಟ್ಟುಕೊಂಡು ಕಾಯ್ದಳು ಎಂದೂ ಹೇಳಬಹುದು. ಕಲ್ಲಿನ ಮೇಲೆ ಇರುವ ಸಾಕ್ಷಿ ಒಂದು ರಂಧ್ರ. ದ್ವೇಷವನ್ನು ಅದರಿಂದ ಓದಲು ನನಗಂತೂ ಆಗುವುದಿಲ್ಲ.

ಹಳೆಯದರ ಮೇಲೆ ಹೊಸದು ಕೂರುವುದನ್ನು ನಾನು ಖತೀಫ್‌ನಲ್ಲೂ ನೋಡುತ್ತೇನೆ. ಇಲ್ಲಿಗೆ ಅಂಟಿಕೊಂಡೇ ತಾರೂತ್ ದ್ವೀಪವಿದೆ, ಈಗ ರಸ್ತೆಯಲ್ಲೇ ಹೋಗಿಬರಬಹುದು. ಅದರ ನಡುವಿನ ದಿಬ್ಬದ ಮೇಲೆ ಒಂದು ಕೋಟೆ. ಕೋಟೆಗೆ ಕೆಲವು ಶತಮಾನಗಳ ವಯಸ್ಸು, ದಿಬ್ಬಕ್ಕೆ ಸಾವಿರಾರು ವರ್ಷಗಳದು. 1968ರಲ್ಲಿ ಡೆನ್ಮಾರ್ಕಿನ ತಂಡದೊಂದಿಗೆ ಬಂದ ಜೆಫ್ರಿ ಬಿಬಿ ಇಲ್ಲಿ ಅಗೆದಾಗ ಜನವಸತಿಯ ಪದರದ ಕೆಳಗೆ ಪದರ ಸಿಕ್ಕಿದವು. ಊರಿನ ಹೆಸರು ಅಷ್ಟಾರ್ತ್ ಎಂಬ ಪ್ರಾಚೀನ ದೇವಿಯಿಂದ ಬಂದದ್ದು ಎನ್ನುವವರಿದ್ದಾರೆ. ಇದೇ ದ್ವೀಪದಲ್ಲಿ ಸಿಕ್ಕ, ಕೈಮುಗಿದು ನಿಂತ ಮನುಷ್ಯನ ಸುಣ್ಣಕಲ್ಲಿನ ಪ್ರತಿಮೆ ಈಗ ರಿಯಾದಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಒಳ್ಳೆಯ ನೀರು, ಎತ್ತರದ ಜಾಗ, ಜನ ಸೇರುವ ದಾರಿ ಇದ್ದಲ್ಲಿ ಒಂದು ಕಾಲದವರು ಬಿಟ್ಟದ್ದನ್ನು ಮತ್ತೊಂದು ಕಾಲದವರು ಹಿಡಿಯುತ್ತಾರೆ. ತಾರೂತ್‌ನಲ್ಲಿ ನಡೆದದ್ದು ಅದು, ಸನ್ನತಿಯಲ್ಲಿ ನಡೆದದ್ದೂ ಅದೇ.

ಇನ್ನು ಕನಗನಹಳ್ಳಿ. ಸನ್ನತಿಯ ಸುತ್ತಲಿನ ಅವಶೇಷಗಳನ್ನು 1954ರಲ್ಲೇ ಕಪಟರಾಳ ಕೃಷ್ಣರಾಯರು ಗುರುತಿಸಿದ್ದರು. ಕೋಟೆಯ ಗೋಡೆಯಿದ್ದ ರಣಮಂಡಲ, ಅಲ್ಲಲ್ಲಿ ಸ್ತೂಪದ ದಿಬ್ಬಗಳು, ಹೊಲದಲ್ಲಿ ಚಿತ್ರ ಕೆತ್ತಿದ ಕಲ್ಲುಗಳು. ಕನಗನಹಳ್ಳಿಯ ದಿಬ್ಬವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ 1990ರ ದಶಕದಲ್ಲಿ ಕೆ.ಪಿ. ಪೂಣಚ್ಚ ಅವರ ಮೇಲ್ವಿಚಾರಣೆಯಲ್ಲಿ ಅಗೆಯಿತು. ಮಣ್ಣಿನಡಿಯಲ್ಲಿ ಸಿಕ್ಕಿದ್ದು ಒಂದು ಮಹಾಸ್ತೂಪ, ಕುಸಿದು ಬಿದ್ದ ಸ್ಥಿತಿಯಲ್ಲಿ. ಅಂಡಕ್ಕೆ, ಅಂದರೆ ಸ್ತೂಪದ ಗುಮ್ಮಟಕ್ಕೆ, ಹೊದಿಸಿದ್ದ ಸುಮಾರು 60 ದೊಡ್ಡ ಚಪ್ಪಡಿಗಳು, ಪ್ರದಕ್ಷಿಣೆಯ ದಾರಿ, ಕಟಾಂಜನದ ಕಲ್ಲುಗಳು, ಬುದ್ಧನ ಪಾದಗಳು, ನಿಂತ ಬುದ್ಧನ ಮೂರ್ತಿಗಳು. ಶಾಸನಗಳಲ್ಲಿ ಅದರ ಹೆಸರು 'ಅಧಾಲಕ ಮಹಾಚೇತಿಯ'.

ಕಲ್ಲು ಹೊರಗಿನಿಂದ ತಂದದ್ದಲ್ಲ, ಆ ಸೀಮೆಯದೇ ಸುಣ್ಣಕಲ್ಲು. ಹಳೆಯ ಮನೆಗಳ ಪಡಸಾಲೆಗೆ, ಅಡುಗೆಮನೆಗೆ ಹಾಸಿದ ಶಹಾಬಾದ್ ಕಲ್ಲನ್ನು ನೋಡಿದವರಿಗೆ ಅದರ ಪರಿಚಯ ಇದ್ದೇ ಇರುತ್ತದೆ. ಇದೇ ತಾಲ್ಲೂಕಿನ ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆ ಇರುವುದೂ ಈ ಸುಣ್ಣಕಲ್ಲಿನ ದೆಸೆಯಿಂದಲೇ. ನಾವು ಮೇಲೆ ಕೂತು ರೊಟ್ಟಿ ತಿನ್ನುವಂಥ ಕಲ್ಲಿನ ಮೇಲೆ ಆ ಶಿಲ್ಪಿಗಳು ಜಾತಕದ ಕಥೆಗಳನ್ನು, ಬುದ್ಧನ ಬದುಕನ್ನು, ಬೋಧಿವೃಕ್ಷದ ಪೂಜೆಯನ್ನು ಕೆತ್ತಿದರು.

ಆ ಚಪ್ಪಡಿಗಳಲ್ಲಿ ಒಂದರ ಮೇಲೆ ಒಬ್ಬ ರಾಜ ರಾಣಿಯೊಂದಿಗೆ ನಿಂತಿದ್ದಾನೆ. ಸುತ್ತ ಚಾಮರ, ಛತ್ರ ಹಿಡಿದ ಪರಿಚಾರಿಕೆಯರು. ಮೇಲೆ ಬ್ರಾಹ್ಮಿಯಲ್ಲಿ 'ರಾಯ ಅಸೋಕೋ' ಎಂದು ಬರೆದಿದೆ. ಸಾಂಚಿಯಲ್ಲಿ ಅಶೋಕನದೆಂದು ಹೇಳುವ ಚಿತ್ರಗಳಿವೆ, ಆದರೆ ಅಲ್ಲಿ ಹೆಸರು ಬರೆದಿಲ್ಲ. ಇಲ್ಲಿ ಬರೆದಿದೆ. ಅಶೋಕ ತೀರಿಕೊಂಡು ಎಷ್ಟೋ ತಲೆಮಾರು ಕಳೆದ ಮೇಲೆ, ಶಾತವಾಹನರ ಕಾಲದಲ್ಲಿ, ಆ ಊರಿನವರು ಅವನನ್ನು ಹೆಸರು ಹಿಡಿದು ನೆನೆದರು. ಮುಖ ಅವನದೇ ಎನ್ನುವ ಹಾಗಿಲ್ಲ. ನೋಡಿ ಕೆತ್ತಿದ ಚಿತ್ರವಲ್ಲ ಅದು. ನೆನಪಂತೂ ಅವನದೇ. ಹೆಸರು ಬರೆದ ಶಾತವಾಹನ ರಾಜರ ಚಪ್ಪಡಿಗಳೂ ಅಲ್ಲಿವೆ. ಪುರಾಣಗಳ ವಂಶಾವಳಿಯಲ್ಲಿ ಮಾತ್ರ ಹೆಸರಿದ್ದ ಕೆಲವು ಅರಸರಿಗೆ ಇಲ್ಲಿ ಕಲ್ಲಿನ ಆಧಾರ ಸಿಕ್ಕಿತು.

ರಾಜರ ಚಿತ್ರಗಳಿಗೆ ಸಿಕ್ಕ ಪ್ರಚಾರ ಅಲ್ಲಿಯ ಸಣ್ಣ ಬರಹಗಳಿಗೆ ಸಿಗಲಿಲ್ಲ. ಕನಗನಹಳ್ಳಿಯ ಕಲ್ಲುಗಳ ಮೇಲೆ ಇನ್ನೂರಕ್ಕೂ ಹೆಚ್ಚು ಬರಹಗಳಿವೆ. ಜರ್ಮನಿಯ ಓಸ್ಕರ್ ಫೋನ್ ಹಿನ್ಯೂಬರ್ ಮತ್ತು ಜಪಾನಿನ ಮೈಕೊ ನಕಾನಿಶಿ ಅವನ್ನೆಲ್ಲ ಓದಿ 2014ರಲ್ಲಿ ಪ್ರಕಟಿಸಿದರು. ಹಲವು ಬರಹಗಳು ಚಿತ್ರದ ಹೆಸರು ಹೇಳುತ್ತವೆ. ಇನ್ನು ಬಹಳಷ್ಟು ದಾನದ ಮಾತು, ಪ್ರಾಕೃತದಲ್ಲಿ, ಒಂದು ಸಾಲು, ಹೆಚ್ಚೆಂದರೆ ಎರಡು. ಇಂಥವನ ದಾನ, ಇಂಥವಳ ದಾನ. ಕೊಟ್ಟವರಲ್ಲಿ ಗೃಹಸ್ಥರಿದ್ದಾರೆ, ಹೆಂಗಸರಿದ್ದಾರೆ; ಭಿಕ್ಷುಗಳು, ಭಿಕ್ಷುಣಿಯರೂ ಇದ್ದಾರೆ. ಸ್ವಂತದ್ದೇನೂ ಇಟ್ಟುಕೊಳ್ಳಬಾರದ ಸಂನ್ಯಾಸಿಗಳು ದಾನಿಗಳಾದದ್ದು ಹೇಗೆ ಎಂಬ ಪ್ರಶ್ನೆ ಸಾಂಚಿ, ಭಾರ್ಹುತಗಳಲ್ಲಿ ಎದ್ದಂತೆ ಇಲ್ಲೂ ಏಳುತ್ತದೆ.

ನನ್ನ ಕಸುಬಿನ ಭಾಷೆಯಲ್ಲಿ ಹೇಳಬೇಕೆಂದರೆ, ಈ ಸ್ತೂಪ ಒಬ್ಬ ಮಾಲೀಕನ ಸ್ವತ್ತಾಗಿರಲಿಲ್ಲ. ಹಾಸುಗಲ್ಲು, ಚಪ್ಪಡಿ, ಕಂಬ ಎಂದು ಪಾಲುಪಾಲಾಗಿ ಎದ್ದದ್ದು. ಕೊಟ್ಟ ಕಲ್ಲಿನ ಮೇಲೇ ಕೊಟ್ಟವರ ಹೆಸರು ಇರುವುದರಿಂದ ಕಿರ್ದಿ, ಖತಾವಣಿ, ರಸೀದಿ ಮೂರೂ ಒಂದೇ ಕಡೆ ಇದ್ದಂತೆ. ಬುಕ್ಕು ಕಳೆದುಹೋಯಿತು ಎನ್ನುವ ಹಾಗಿಲ್ಲ, ಕಟ್ಟಡವೇ ಬುಕ್ಕು. ಇಲ್ಲಿಯ ದುಡಿಮೆಯಲ್ಲಿ ಊರಿನ ಗುಡಿಯ ಜೀರ್ಣೋದ್ಧಾರಕ್ಕೋ ಮಸೀದಿಯ ದುರಸ್ತಿಗೋ ಹಣ ಕಳಿಸಿ, ಗೋಡೆಯ ಗ್ರಾನೈಟ್ ಫಲಕದಲ್ಲಿ ಅಪ್ಪನ ಹೆಸರು ಬರೆಸುವ ಎಷ್ಟೋ ಕನ್ನಡಿಗರನ್ನು ನಾನು ಬಲ್ಲೆ. ಕನಗನಹಳ್ಳಿಯ ದಾನಿಗಳು ಮಾಡಿದ್ದೂ ಅದನ್ನೇ. ಬಹಳ ಸಲ ಇತಿಹಾಸದಲ್ಲಿ ಅವರ ಹೆಸರು ಬರುವುದು ಆ ಒಂದೇ ಸಾಲಿನಲ್ಲಿ.

ಇಷ್ಟು ಜನ ಕೊಡುವಷ್ಟು ಹಣ ಎಲ್ಲಿಂದ ಬಂತು? ಸನ್ನತಿ ಇದ್ದ ಜಾಗವೇ ಉತ್ತರ ಹೇಳುತ್ತದೆ. ಭೀಮೆ ಮುಂದೆ ಹೋಗಿ ಕೃಷ್ಣೆಯನ್ನು ಸೇರುತ್ತಾಳೆ. ಕೃಷ್ಣೆಯ ಕೆಳಭಾಗದಲ್ಲಿ ನಾಗಾರ್ಜುನಕೊಂಡ, ಅಮರಾವತಿಗಳಿವೆ. ಪಶ್ಚಿಮಕ್ಕೆ ತೇರ್, ಪೈಠಣಗಳ ಪೇಟೆ, ಅಲ್ಲಿಂದ ಘಟ್ಟ ಇಳಿದರೆ ಅರಬ್ಬೀ ಸಮುದ್ರದ ಬಂದರುಗಳು. ಎರಡು ಕಡಲುಗಳ ನಡುವಿನ ದಾರಿಯಲ್ಲಿ ಇದ್ದ ಊರು ಅದು. ಕನಗನಹಳ್ಳಿಯ ಶಿಲ್ಪಗಳು ಅಮರಾವತಿಯ ಶಿಲ್ಪಗಳನ್ನು ನೆನಪಿಸುವುದಕ್ಕೂ ಈ ದಾರಿಯೇ ಕಾರಣ. ವ್ಯಾಪಾರ ಇದ್ದಷ್ಟು ದಿನ ಸ್ತೂಪಕ್ಕೆ ಕಲ್ಲು ಬಂತು. ಶಾತವಾಹನರ ಆಳ್ವಿಕೆ ಕ್ರಿಸ್ತಶಕ ಮೂರನೆಯ ಶತಮಾನದಲ್ಲಿ ಮುಗಿಯಿತು. ದಖ್ಖನಿನ ಆ ಹಳೆಯ ಪೇಟೆಗಳೂ ಕ್ರಮೇಣ ಸೊರಗಿದವು. ಕನಗನಹಳ್ಳಿಯಲ್ಲಿ ಹೊಸ ದಾನದ ಬರಹಗಳು ನಿಂತವು. ಜಮಾ ನಿಂತ ಮೇಲೆ ಕಟ್ಟಡ ಎಷ್ಟು ದಿನ ನಿಂತೀತು? ದುರಸ್ತಿ ಇಲ್ಲದ ಗುಮ್ಮಟ ಕುಸಿಯಲು ಶತ್ರು ಬರಬೇಕಾಗಿಲ್ಲ, ಮಳೆ ಸಾಕು.

ಹಾಗೆಂದು ಕನ್ನಡ ನಾಡಿನಲ್ಲಿ ಬೌದ್ಧ ಧರ್ಮ ಅಲ್ಲಿಗೇ ಮುಗಿಯಲಿಲ್ಲ. ಹಣ ಬೇರೆ ದಾರಿಗೆ ತಿರುಗಿದಂತೆ ಅದೂ ಬೇರೆ ಊರುಗಳಲ್ಲಿ ಉಳಿಯಿತು. 968ರಲ್ಲಿ ಮಂಗಳೂರಿನ ಕದ್ರಿಯಲ್ಲಿ ಆಳುಪ ದೊರೆ ಕುಂದವರ್ಮ ಲೋಕೇಶ್ವರನ ಕಂಚಿನ ಮೂರ್ತಿಯನ್ನು ಸ್ಥಾಪಿಸಿದ. ಅದರ ಪೀಠದ ಶಾಸನ ಆ ಜಾಗವನ್ನು 'ಕದರಿಕಾ ವಿಹಾರ' ಎನ್ನುತ್ತದೆ. ಮೂರ್ತಿಗೆ ಇಂದಿಗೂ ಕದ್ರಿ ಮಂಜುನಾಥನ ಗುಡಿಯಲ್ಲಿ ಪೂಜೆ ನಡೆಯುತ್ತಿದೆ. 1065ರಲ್ಲಿ ಬಳ್ಳಿಗಾವಿಯಲ್ಲಿ ಚಾಲುಕ್ಯರ ಅಧಿಕಾರಿ ರೂಪಭಟ್ಟಯ್ಯ ಜಯಂತಿ ಬೌದ್ಧ ವಿಹಾರ ಕಟ್ಟಿಸಿದ. 1095ರ ಡಂಬಳದ ಶಾಸನವಂತೂ ನನಗೆ ಬಹಳ ಇಷ್ಟ. ಅಲ್ಲಿ 16 ಮಂದಿ ಸೆಟ್ಟಿಗಳು ಕೂಡಿ ಬುದ್ಧನ ವಿಹಾರ ಕಟ್ಟಿಸಿದರು. ಲೊಕ್ಕಿಗುಂಡಿಯ, ಅಂದರೆ ಇಂದಿನ ಲಕ್ಕುಂಡಿಯ, ಸಂಗವಯ್ಯ ಸೆಟ್ಟಿ ಆರ್ಯ ತಾರಾದೇವಿಯ ವಿಹಾರ ಕಟ್ಟಿಸಿದ. ಆರನೆಯ ವಿಕ್ರಮಾದಿತ್ಯನ ಕಾಲ ಅದು, ಬಸವಣ್ಣನವರಿಗಿಂತ ಸ್ವಲ್ಪ ಹಿಂದೆ. ಕನಗನಹಳ್ಳಿಯ ಒಬ್ಬೊಬ್ಬರ ದಾನ ಇಲ್ಲಿ ಸೆಟ್ಟಿಗಳ ಪಾಲುದಾರಿಕೆಯಾಗಿದೆ. ಈಗ ಡಂಬಳಕ್ಕೆ ಹೋದವರು ನೋಡುವುದು ದೊಡ್ಡಬಸಪ್ಪನ ಗುಡಿ. ಸೆಟ್ಟಿಗಳ ವಿಹಾರದ ನೆನಪು ಉಳಿದದ್ದು ಶಾಸನದಲ್ಲಿ.

ಮೂರು ಊರು, ಮೂರು ರೀತಿ. ಕನಗನಹಳ್ಳಿಯಲ್ಲಿ ಕಟ್ಟಡ ಮಣ್ಣಿನಡಿ ಸೇರಿತು, ಕದ್ರಿಯಲ್ಲಿ ಪೂಜೆ ಮುಂದುವರಿದು ದೇವರ ಗುರುತು ಬದಲಾಯಿತು, ಡಂಬಳದಲ್ಲಿ ಬರಹ ಮಾತ್ರ ನಿಂತಿತು. ಬೌದ್ಧ ಧರ್ಮ ಕರ್ನಾಟಕದಿಂದ ಹೇಗೆ ಹೋಯಿತು ಎಂದು ಒಂದೇ ವಾಕ್ಯದಲ್ಲಿ ಉತ್ತರ ಕೇಳುವವರಿಗೆ, ಯಾರೋ ಒಬ್ಬ ರಾಜನನ್ನೋ ಒಂದು ಮತವನ್ನೋ ಬೆರಳು ಮಾಡಿ ತೋರಿಸುವವರಿಗೆ, ಈ ಮೂರು ಊರುಗಳ ಲೆಕ್ಕ ಹೊಂದುವುದಿಲ್ಲ.

ಕನಗನಹಳ್ಳಿಯ ಮಟ್ಟಿಗೆ ನನ್ನ ಬೇಸರ ಹಳೆಯ ಕಾಲದ ಬಗ್ಗೆ ಅಲ್ಲ, ನಮ್ಮ ಕಾಲದ ಬಗ್ಗೆ. 1990ರ ದಶಕದಲ್ಲಿ ಹೊರಬಂದ ಚಪ್ಪಡಿಗಳು ಎರಡು ದಶಕಕ್ಕೂ ಮೇಲೆ ಅಗೆದ ಜಾಗದಲ್ಲೇ ಜೋಡಣೆಗೆ ಕಾಯುತ್ತಾ ಇದ್ದವು. ಒಮ್ಮೆ ರಜೆಗೆ ಬಂದಾಗ ಮನೆಯವರೊಂದಿಗೆ ಸನ್ನತಿಗೆ ಹೋಗಿದ್ದೆ. ಆಟೋದವನು ಕೇಳಿದ, "ತಾಯಿ ಗುಡಿಗೇನ್ರಿ ಸಾಹೇಬ್ರ, ಬುದ್ಧನ ಕಲ್ಲಿಗೇನ್ರಿ?" ಎರಡಕ್ಕೂ ಅಂದೆ. "ಗುಡಿಗಿ ಬರೋರು ಭಾಳ ಮಂದಿ ಅದಾರ್ರಿ, ಕಲ್ಲಿಗಿ ಬರೋರು ಕಡಿಮಿ," ಅಂದ. ಮಣ್ಣಿನಡಿ ಶತಮಾನಗಟ್ಟಲೆ ಸುರಕ್ಷಿತವಾಗಿದ್ದ ಸುಣ್ಣಕಲ್ಲು ಬಿಸಿಲು ಮಳೆಗೆ ಸಿಕ್ಕರೆ ಬೇಗ ಸವೆಯುತ್ತದೆ, ಪದರು ಏಳುತ್ತದೆ. ಕಲಬುರಗಿಯ ಬಿಸಿಲು ಎಂಥದೆಂದು ಆ ಕಡೆಯವರಿಗೆ ಹೇಳಬೇಕಾಗಿಲ್ಲ. ಒಂದು ಸಾಲು ಅಳಿಸಿದರೆ ಒಬ್ಬ ದಾನಿ ಇತಿಹಾಸದಿಂದಲೇ ಹೋದಂತೆ, ಏಕೆಂದರೆ ಅವನ ಲೆಕ್ಕದ ಎರಡನೆಯ ಪ್ರತಿ ಎಲ್ಲೂ ಇಲ್ಲ. 2022ರಲ್ಲಿ ಪುರಾತತ್ವ ಇಲಾಖೆ ಕೊನೆಗೂ ಸ್ತೂಪದ ಸಂರಕ್ಷಣೆ, ಮರುಜೋಡಣೆಯ ಕೆಲಸ ಹಿಡಿಯಿತು. ತಡವಾಗಿಯಾದರೂ ಆದದ್ದು ಒಳ್ಳೆಯದೇ.

ಲೆಕ್ಕ ತಪಾಸಣೆಗೆ ಹೋದಾಗ ನಾವು ಮೊದಲು ಕೇಳುವುದು ಸ್ವತ್ತಿನ ಪಟ್ಟಿಯನ್ನು. ಆಮೇಲೆ ಪಟ್ಟಿಯಲ್ಲಿ ಇರುವುದು ಗೋದಾಮಿನಲ್ಲೂ ಇದೆಯೇ ಎಂದು ಎದ್ದು ಹೋಗಿ ಕಣ್ಣಾರೆ ನೋಡುತ್ತೇವೆ. ಕನಗನಹಳ್ಳಿಯ ಪಟ್ಟಿ ಸಿದ್ಧವಾಗಿದೆ. ಉತ್ಖನನದ ವರದಿ ಬಂದಿದೆ, ಬರಹಗಳ ಸಂಪುಟ ಬಂದಿದೆ. ಎರಡೂ ಇಂಗ್ಲಿಷಿನಲ್ಲಿ, ವಿದ್ವಾಂಸರ ಕೈಗೆ ಎಟುಕುವ ಕಡೆ ಇವೆ. ಆ ದಾನದ ಸಾಲುಗಳನ್ನು ಕನ್ನಡದಲ್ಲಿ ಅರ್ಥದೊಂದಿಗೆ ಅಚ್ಚುಮಾಡಿ ಒಂದು ತೆಳ್ಳನೆಯ ಪುಸ್ತಕವಾಗಿ ಚಿತ್ತಾಪುರ, ಶಹಾಪುರದ ಶಾಲೆಗಳಿಗೆ ಕೊಟ್ಟರೆ, ಆ ಊರಿನ ಮಕ್ಕಳು ತಮ್ಮ ಹೊಲದ ಕಲ್ಲಿನ ಮೇಲಿನ ಹೆಸರುಗಳನ್ನು ಓದಿಯಾರು. ಬೆಲೆಬಾಳುವ ಯೋಜನೆಯಲ್ಲ ಇದು. ಹೊರನಾಡಿನ ಒಂದು ಕನ್ನಡ ಸಂಘದ ರಾಜ್ಯೋತ್ಸವದ ಊಟದ ಖರ್ಚಿನಲ್ಲಿ ಆಗುವ ಕೆಲಸ.

ನೋಡಬೇಕೆನ್ನುವವರು ವಾಡಿ ಜಂಕ್ಷನ್ನಿನಲ್ಲಿ ಇಳಿದು ರಸ್ತೆ ಹಿಡಿದು ಹೋಗಬಹುದು. ಚಂದ್ರಲಾಂಬೆಯ ದರ್ಶನ ಮಾಡಿ, ಭೀಮೆಯಲ್ಲಿ ಕಾಲು ತೊಳೆದು, ಕನಗನಹಳ್ಳಿಗೆ ಹೋಗಿ ಸ್ತೂಪದ ಸುತ್ತ ಬರಿಗಾಲಲ್ಲಿ ಒಂದು ಸುತ್ತು ಬನ್ನಿ. ರಣಮಂಡಲದ ಬಹುಭಾಗವನ್ನು ಇನ್ನೂ ಅಗೆದಿಲ್ಲ. ಅಲ್ಲಿ ತೊಗರಿ ಬೆಳೆಯುವ ಕಪ್ಪು ಮಣ್ಣಿನ ಕೆಳಗೆ ಇನ್ನೆಷ್ಟು ಸಾಲುಗಳಿವೆಯೋ.